ಬಣ್ಣದ ಮಿಠಾಯಿಯೊಳಗಿನ ಬಿಳಿ ಪುಡಿ
(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷದ ಲೆಕ್ಕಪತ್ರವನ್ನು ಕಾರ್ಯದರ್ಶಿಗಳು ಆಗಲೇ ಓದಿದ್ದಾರೆ, ನಾನು ಅದಕ್ಕೆ ಹೋಗುವುದಿಲ್ಲ. ಸ್ಕೂಲು ಬಿಟ್ಟ ಹೊತ್ತಿಗೆ ನಮ್ಮ ಸಂಘದ ಅಂಗಡಿಯಲ್ಲಿ ಮಕ್ಕಳು ಮುತ್ತಿಕೊಳ್ಳುತ್ತಾರಲ್ಲ, ಆ ಮಿಠಾಯಿ ಡಬ್ಬಿಗಳ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ನಾನು ಡಾಕ್ಟರಲ್ಲ, ತಪ್ಪಿದ್ದರೆ ತಿಳಿದವರು ತಿದ್ದಬೇಕು.

ಗೋಡೆ ಪೇಂಟಿಗೆ ಅಚ್ಚ ಬಿಳುಪು ಬರುವುದು ಟೈಟಾನಿಯಂ ಡೈ ಆಕ್ಸೈಡ್ ಎಂಬ ಪುಡಿಯಿಂದ. ಕೇರಳದ ಚವರದಲ್ಲಿ ಕಡಲ ತೀರದ ಮರಳಿನಲ್ಲಿ ಸಿಗುವ ಅದಿರಿನಿಂದ ಇದನ್ನು ಮಾಡುತ್ತಾರೆ. ಇದನ್ನೇ ಶುದ್ಧ ಮಾಡಿ ಚೂಯಿಂಗ್ ಗಮ್, ಬಣ್ಣದ ಮಿಠಾಯಿ, ಕೇಕಿನ ಬಿಳಿ ಲೇಪ, ಮಾತ್ರೆಗಳ ಹೊರಪದರ ಇವಕ್ಕೂ ಹಾಕುತ್ತಾರೆ. ರುಚಿ ಇಲ್ಲ, ಪುಷ್ಟಿ ಇಲ್ಲ. ಬಿಳುಪು ಹೊಳೆಯಲಿ, ಬಣ್ಣ ಎದ್ದು ಕಾಣಲಿ ಅಂತ ಅಷ್ಟೆ. ಪೊಟ್ಟಣದ ಮೇಲೆ ಇದರ ನಂಬರು 171.

ಇದರ ಕಣ ಎಷ್ಟು ಸಣ್ಣದು ಅಂದರೆ, ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ನ್ಯಾನೊಮೀಟರ್. ನಮ್ಮ ತಲೆಗೂದಲೇ ಸುಮಾರು 80 ಸಾವಿರ ನ್ಯಾನೊಮೀಟರ್ ದಪ್ಪ. ಈ ಪುಡಿಯಲ್ಲಿ 100ಕ್ಕಿಂತ ಸಣ್ಣ ಕಣಗಳೂ ಇರುತ್ತವೆ. ಅದು ಹೊಟ್ಟೆಯಲ್ಲಿ ಕರಗುವುದಿಲ್ಲ. ಬಹುಪಾಲು ಮಲದಲ್ಲೇ ಹೋಗುತ್ತದೆ, ಆದರೆ ಸ್ವಲ್ಪ ಕರುಳಿನ ಗೋಡೆಯೊಳಕ್ಕೆ ಸೇರುತ್ತದೆ. ರೋಗಾಣು ಬಂದರೆ ನುಂಗಲು ಅಲ್ಲಿ ಕಾವಲು ಕೂತ ಜೀವಕೋಶಗಳಿವೆ. ಅವು ಇದನ್ನೂ ನುಂಗುತ್ತವೆ, ಅರಗಿಸಿಕೊಳ್ಳಲಾರವು. ಆಗ ಶತ್ರು ಬಂದನೆಂದು ಕೂಗು ಹಾಕುತ್ತವೆ. ಆ ಕೂಗಿನಿಂದ ಹುಟ್ಟುವುದೇ ಉರಿಯೂತ.

2017ರಲ್ಲಿ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ, ದೊಡ್ಡ ಕರುಳಿನ ಉರಿಯೂತ ಬರಿಸಿದ ಇಲಿಗಳಿಗೆ ಈ ಕಣ ಕೊಟ್ಟು ನೋಡಿದರು. ಉರಿಯೂತ ಇನ್ನಷ್ಟು ಕೆರಳಿತು. ಕರುಳು ಹುಣ್ಣಾಗಿ ಕಾಯಿಲೆ ಜೋರಾಗಿದ್ದ ರೋಗಿಗಳ ರಕ್ತದಲ್ಲಿ ಟೈಟಾನಿಯಂ ಹೆಚ್ಚಾಗಿದ್ದುದೂ ಕಂಡಿತು. ಅಂದರೆ ಮೊದಲೇ ಕೆರಳಿದ ಕರುಳಿಗೆ ಇದು ಬೆಂಕಿಗೆ ತುಪ್ಪ ಹೊಯ್ದ ಹಾಗೆ. ಫ್ರಾನ್ಸ್ 2020ರಲ್ಲಿ ಆಹಾರದಲ್ಲಿ ನಿಷೇಧಿಸಿತು, ಐರೋಪ್ಯ ಒಕ್ಕೂಟ 2022ರಲ್ಲಿ.

ಇನ್ನೊಂದು ಪಕ್ಕವನ್ನೂ ಹೇಳಬೇಕು. ಇಲಿ ಮನುಷ್ಯನಲ್ಲ. ವಿಶ್ವಸಂಸ್ಥೆಯ ಕಡೆಯ ತಜ್ಞರ ಸಮಿತಿ 2023ರಲ್ಲಿ ಮತ್ತೆ ಪರಿಶೀಲಿಸಿ, ಜನ ತಿನ್ನುವ ಪ್ರಮಾಣದಲ್ಲಿ ಭಯಕ್ಕೆ ಕಾರಣವಿಲ್ಲ ಎಂದಿತು. ನಮ್ಮ ದೇಶದಲ್ಲೂ ಮಿತಿಯೊಳಗೆ ಅನುಮತಿ ಇದೆ. ಆದ್ದರಿಂದ ವಿಷ ಅಂತ ನಾನು ಕೂಗುವುದಿಲ್ಲ. ನನ್ನ ವಾದ ಇಷ್ಟೇ: ಬರೀ ಚೆಂದಕ್ಕೆ ಹಾಕಿದ್ದು, ಅನುಮಾನ ಇದ್ದ ಮೇಲೆ ಮಕ್ಕಳ ಹೊಟ್ಟೆಗೆ ಯಾಕೆ?

ಹಾಗಂತ ಬಿಪಿ, ಶುಗರ್ ಮಾತ್ರೆ ಯಾರೂ ನಿಲ್ಲಿಸಬೇಡಿ! ಯುರೋಪಿನವರೂ ಮಾತ್ರೆಗಳಲ್ಲಿ ಬಿಟ್ಟಿದ್ದಾರೆ. ವಾರಗಟ್ಟಲೆ ಭೇದಿ, ಮಲದಲ್ಲಿ ರಕ್ತ ಕಂಡರೆ ಮಿಠಾಯಿಯನ್ನು ಬಯ್ಯುತ್ತಾ ಕೂರದೆ ಡಾಕ್ಟರ ಹತ್ತಿರ ಹೋಗಬೇಕು.

171 ಇರುವ ಮಿಠಾಯಿ ತರಿಸುವುದು ಬೇಡ, ಆ ಜಾಗದಲ್ಲಿ ಕಡಲೆ ಮಿಠಾಯಿ, ಎಳ್ಳುಂಡೆ ಇಡೋಣ ಅಂತ ಮುಂದಿನ ಆಡಳಿತ ಮಂಡಳಿ ಸಭೆಗೆ ವಿಷಯ ಕೊಟ್ಟಿದ್ದೇನೆ. ವ್ಯಾಪಾರ ಇಳಿಯುತ್ತದೆ ಎನ್ನುತ್ತಾರೆ ಗುಮಾಸ್ತರು, ಇಳಿಯಬಹುದು. ಚೀಟಿಯೇ ಇಲ್ಲದ ಬಿಡಿ ಮಿಠಾಯಿಗೆ ಏನು ಮಾಡೋದು ಅನ್ನೋದು ನನಗೂ ಹೊಳೆದಿಲ್ಲ. ಸದಸ್ಯರು ಸಭೆಗೆ ಬಂದು ಹೇಳಬೇಕು.