ಮುಚ್ಚಿದ ಪೆಟ್ಟಿಗೆಯ ಭಾರ

(ಬಸರಾಳಿನಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಕಬ್ಬಿನ ಗಾಡಿ ತುಂಬುವುದನ್ನು ಬಸರಾಳಿನವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಮುಂಭಾರವಾದರೆ ಹೆಗಲು ಹುಣ್ಣಾಗುತ್ತದೆ. ಗಾಡಿ ಹೊರಡುವ ಮೊದಲೇ ನೋಡಿದವರಿಗೆಲ್ಲ ಇದು ತಿಳಿಯುತ್ತದೆ, ಏಕೆಂದರೆ ಹೊರೆ ಕಣ್ಣೆದುರಿಗೇ ಇರುತ್ತದೆ. ನಿಮ್ಮೂರ ಮಲ್ಲಿಕಾರ್ಜುನ ದೇವಾಲಯವನ್ನು ಹರಿಹರ ದಂಡನಾಯಕ 1234ರಲ್ಲಿ ಕಟ್ಟಿಸಿದಾಗಲೂ ಕಲ್ಲು ಎತ್ತಿದವರು ಅದರ ಭಾರವನ್ನು ಕಣ್ಣಿನಿಂದಲೇ ಅಳೆದಿರಬೇಕು.

ಹಡಗಿನ ಸರಕು ಹಾಗಲ್ಲ. ಒಂದೂರಿನಲ್ಲಿ ತುಂಬಿ ಮುದ್ರೆ ಹಾಕಿದ ಕಂಟೇನರನ್ನು ಇನ್ನೊಂದೂರಿನ ಕ್ರೇನ್ ಚಾಲಕ ಎತ್ತುತ್ತಾನೆ. ಒಳಗೇನಿದೆ, ಎಷ್ಟು ತೂಗುತ್ತದೆ ಎಂಬುದಕ್ಕೆ ಅವನಿಗಿರುವ ಆಧಾರ ಯಾರೋ ಬರೆದುಕೊಟ್ಟ ಕಾಗದ. ಅದು ಸುಳ್ಳಾದರೆ ಜೀವಕ್ಕೆ ಅಪಾಯ ಎತ್ತುವವನಿಗೆ.

ಈ ಅಪಾಯ ಕಂಟೇನರಿಗಿಂತ ಹಳೆಯದು. ಹಡಗಿನಲ್ಲಿ ಸಾಗಿಸುವ 1000 ಕಿಲೋ ಅಥವಾ ಹೆಚ್ಚು ತೂಕದ ಪ್ರತಿ ಸರಕಿನ ಮೇಲೂ ಅದರ ತೂಕವನ್ನು ಅಳಿಸದಂತೆ ಬರೆದಿರಬೇಕೆಂದು 1929ರಲ್ಲೇ ಜಿನೀವಾದ ಅಂತಾರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ಒಪ್ಪಂದ ಮಾಡಿತು. ಭಾರತ 1951ರಲ್ಲಿ ಇದಕ್ಕಾಗಿಯೇ ಒಂದು ಕಾಯ್ದೆ ತಂದಿತು. 1956ರಲ್ಲಿ ಅಮೆರಿಕದ ಮಾಲ್ಕಂ ಮೆಕ್ಲೀನ್ 58 ಕಂಟೇನರುಗಳ ಹಡಗನ್ನು ಹೊರಡಿಸಿದ. ಆ ಪದ್ಧತಿ ಹರಡಿದಂತೆ ಹಮಾಲರ ಬೆನ್ನು ಹಗುರಾಯಿತು, ನಿಜ. ಆದರೆ ಸರಕು ಕಣ್ಣಿಗೆ ಮರೆಯಾಯಿತು.

2007ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ‘ಎಂಎಸ್‌ಸಿ ನಪೋಲಿ’ ಎಂಬ ಹಡಗು ಬಿರುಕುಬಿಟ್ಟಿತು. ಅದರಲ್ಲಿ ನೀರು ತಾಗದೆ ಉಳಿದ ಸುಮಾರು 660 ಕಂಟೇನರುಗಳನ್ನು ತೂಗಿ ನೋಡಿದರೆ, 137ರಲ್ಲಿ ಕಾಗದದ ತೂಕಕ್ಕೂ ನಿಜವಾದ ತೂಕಕ್ಕೂ 3 ಟನ್‌ಗಿಂತ ಹೆಚ್ಚಿನ ವ್ಯತ್ಯಾಸ! ಹಗುರವೆಂದು ಬರೆದ ಭಾರದ ಪೆಟ್ಟಿಗೆ ಮೇಲಿನ ಸಾಲಿಗೆ ಹೋದರೆ ಕೆಳಗಿನವು ಜಜ್ಜಿಹೋಗಬಹುದು. ತೂಕ ದೃಢಪಡದ ಕಂಟೇನರನ್ನು ಹಡಗಿಗೆ ಹತ್ತಿಸಬಾರದೆಂಬ ಅಂತಾರಾಷ್ಟ್ರೀಯ ನಿಯಮ ಜಾರಿಗೆ ಬಂದದ್ದು 2016ರ ಜುಲೈ 1ರಂದು. ಜಿನೀವಾ ಒಪ್ಪಂದದಿಂದ ಲೆಕ್ಕ ಹಾಕಿದರೆ 87 ವರ್ಷ!

ತೂಕದಷ್ಟೇ ಮುಖ್ಯ, ಒಳಗಿರುವುದು ಏನೆಂಬುದು. 2025ರ ಮೇ 25ರಂದು ಕೊಚ್ಚಿಯ ಬಳಿ ಮುಳುಗಿದ ‘ಎಂಎಸ್‌ಸಿ ಎಲ್ಸಾ 3’ ಹಡಗಿನಲ್ಲಿ 12 ಕಂಟೇನರ್ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು. ನಿಷೇಧವಿದ್ದರೂ ಮಾವು ಹಣ್ಣು ಮಾಡಲು ಕದ್ದು ಬಳಸುತ್ತಾರಲ್ಲ, ಅದೇ ಕಾರ್ಬೈಡ್. ನೀರು ತಾಗಿದರೆ ಸಾಕು, ಭಗ್ಗನೆ ಹೊತ್ತಿಕೊಳ್ಳುವ ಅಸಿಟಿಲೀನ್ ಅನಿಲ ಹೊಮ್ಮುತ್ತದೆ. ಇಂಥ ಸರಕಿಗೆ ಬೆಂಕಿ ಬಿದ್ದಾಗ ಒಳಗೇನಿದೆಯೆಂದು ತಿಳಿಯದೆ ನೀರು ಹಾಯಿಸಿದವನ ಗತಿಯೇನು? ಮರುತಿಂಗಳೇ, ಜೂನ್ 9ರಂದು, ಕೇರಳದ ಕಡಲಿನಲ್ಲಿ ‘ವಾನ್ ಹೈ 503’ ಹಡಗು ಹೊತ್ತಿ ಉರಿಯಿತು. 22 ಸಿಬ್ಬಂದಿಯಲ್ಲಿ 18 ಮಂದಿಯನ್ನು ಪಾರುಮಾಡಿ ಮಂಗಳೂರಿಗೆ ಕರೆತಂದರು. ನಾಲ್ವರು ಕಾಣೆಯಾದರು.

ಗೋದಾಮುಗಳಲ್ಲಿ ಕಂಟೇನರ್ ಇಳಿಸುವ ಕೂಲಿಗೆ ಹೋಗುವ ಹುಡುಗರಿಗೆ ಒಂದು ಮಾತು. ದಾರಿಯ ಕುಲುಕಾಟಕ್ಕೆ ಸರಕು ಬಾಗಿಲಿಗೆ ಒರಗಿರುತ್ತದೆ, ತೆರೆದೊಡನೆ ಮೈಮೇಲೆ ಬೀಳಬಹುದು. ಬಾಗಿಲಿನ ನೇರಕ್ಕೆ ನಿಲ್ಲದೆ ಪಕ್ಕದಲ್ಲಿ ನಿಂತು ಒಂದೊಂದೇ ಕದ ತೆಗೆಯಬೇಕು. ಹುಳು ಹಿಡಿಯದಿರಲೆಂದು ಒಳಗೆ ವಿಷಾನಿಲ ಬಿಟ್ಟಿದ್ದರೆ ಬಾಗಿಲ ಮೇಲೆ ಎಚ್ಚರಿಕೆಯ ಚೀಟಿ ಇರಬೇಕು. ಚೀಟಿ ಕಿತ್ತುಹೋಗಿರಲೂಬಹುದು. ಆದ್ದರಿಂದ ಮೊದಲು ಗಾಳಿಯಾಡಲು ಬಿಟ್ಟು, ಅನಿಲವಿಲ್ಲವೆಂದು ತಿಳಿದವರು ಪರೀಕ್ಷಿಸಿ ಹೇಳಿದ ಮೇಲಷ್ಟೇ ಒಳಗೆ ಕಾಲಿಡಬೇಕು. ಮೇಸ್ತ್ರಿ ಅವಸರ ಮಾಡಿದರೂ ಅಷ್ಟೆ.