ಬಣ್ಣ ಬಿಟ್ಟು ಗೆರೆಗೆ: ಕೊಯಮತ್ತೂರಿನ ಸಸ್ಯಚಿತ್ರಗಳಲ್ಲಿರುವ ಪೆನ್ನಿನ ಪಾಠ

ಪೆನ್ನು ಮತ್ತು ಶಾಯಿಯಿಂದ ಚಿತ್ರ ಬರೆಯಲು ಕಲಿಯುವವರು ಸಾಮಾನ್ಯವಾಗಿ ನೆರಳು ತುಂಬುವ ಕೌಶಲದಿಂದ ಆರಂಭಿಸುತ್ತಾರೆ. ಆದರೆ ಗೆರೆಯೊಂದು ಯಾವ ಸಂಗತಿಯನ್ನು ಹೇಳಲು ಕಾಗದದ ಮೇಲೆ ಬಂದಿದೆ ಎಂಬ ಪ್ರಶ್ನೆ ನೆರಳಿಗಿಂತ ಮೊದಲಿನದು. ಆ ಪ್ರಶ್ನೆಗೆ ಹತ್ತೊಂಬತ್ತನೆಯ ಶತಮಾನದ ಕೊಯಮತ್ತೂರಿನ ನಂಟಿರುವ ಸಸ್ಯಚಿತ್ರಗಳಷ್ಟು ಸ್ಪಷ್ಟವಾದ ಉತ್ತರವನ್ನು ಕಲೆಯ ಪಠ್ಯಪುಸ್ತಕಗಳೂ ಕೊಡುವುದು ಅಪರೂಪ.

ಸ್ಕಾಟ್ಲೆಂಡಿನ ವೈದ್ಯ ಹಾಗೂ ಸಸ್ಯವಿಜ್ಞಾನಿ ರಾಬರ್ಟ್ ವೈಟ್ (1796–1872) ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದು, 1842ರಿಂದ ಸುಮಾರು ಹತ್ತು ವರ್ಷ ಕೊಯಮತ್ತೂರಿನಲ್ಲಿ ಅಮೆರಿಕದ ಹತ್ತಿ ತಳಿಗಳನ್ನು ಬೆಳೆದುನೋಡುವ ಪ್ರಯೋಗದ ಹೊಣೆ ಹೊತ್ತಿದ್ದರು. ಹತ್ತಿಯ ಪ್ರಯೋಗ ಅಂದುಕೊಂಡಷ್ಟು ಕೈಹಿಡಿಯಲಿಲ್ಲ. ಅದೇ ಕಾಲದಲ್ಲಿ ಮುಂದುವರಿಯುತ್ತಿದ್ದ ಅವರ ‘ಐಕಾನೀಸ್ ಪ್ಲಾಂಟಾರಮ್ ಇಂಡಿಯೇ ಓರಿಯೆಂಟಾಲಿಸ್’ ಎಂಬ ಗ್ರಂಥವಾದರೋ 1838ರಿಂದ 1853ರವರೆಗೆ ಆರು ಸಂಪುಟಗಳಾಗಿ ಹೊರಬಂದು, ಎರಡು ಸಾವಿರಕ್ಕೂ ಹೆಚ್ಚು ಚಿತ್ರಫಲಕಗಳೊಂದಿಗೆ ದಕ್ಷಿಣ ಭಾರತದ ಸಸ್ಯಸಂಪತ್ತಿನ ಅಡಿಪಾಯದ ದಾಖಲೆಯಾಗಿ ಉಳಿಯಿತು. ಆ ಚಿತ್ರಗಳ ಬಹುಪಾಲನ್ನು ಬರೆದವರು ರಂಗಯ್ಯ ಮತ್ತು ಅವರ ನಂತರ ಬಂದ ಗೋವಿಂದು ಎಂಬ ಇಬ್ಬರು ಭಾರತೀಯ ಕಲಾವಿದರು. ಆ ಕಾಲದ ಎಷ್ಟೋ ಯುರೋಪಿಯನ್ ಗ್ರಂಥಗಳು ಚಿತ್ರ ಬರೆದ ಭಾರತೀಯರ ಹೆಸರನ್ನೇ ಕಾಣಿಸದಿರುವಾಗ, ವೈಟ್ ಒಂದು ಆರ್ಕಿಡ್ ಕುಲಕ್ಕೆ ಗೋವಿಂದುವಿನ ಹೆಸರಿನಿಂದಲೇ ‘ಗೋವಿಂದೂಇಯಾ’ ಎಂದು ನಾಮಕರಣ ಮಾಡಿದ್ದು ದೊಡ್ಡ ಮಾತು. ಆ ಕುಲ ಇಂದು ಟ್ರೊಪಿಡಿಯಾ ಎಂಬ ಕುಲದೊಳಗೆ ಸೇರಿಹೋಗಿದ್ದರೂ ಹೆಸರು ಶಾಸ್ತ್ರದ ಪುಟಗಳಲ್ಲಿ ಇದ್ದೇ ಇದೆ.

ಇವರ ಮೂಲಚಿತ್ರಗಳಲ್ಲಿ ಅನೇಕವು ಜಲವರ್ಣದವು, ಅವುಗಳ ದೊಡ್ಡ ಸಂಗ್ರಹವೊಂದು ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿದೆ. ‘ಐಕಾನೀಸ್’ ಮಾತ್ರ ಕಡಿಮೆ ಖರ್ಚಿನಲ್ಲಿ ಹೆಚ್ಚು ಜನರನ್ನು ತಲುಪಬೇಕೆಂಬ ಉದ್ದೇಶದಿಂದ ಬಣ್ಣವಿಲ್ಲದೆ ಕಲ್ಲಚ್ಚಿನಲ್ಲಿ ಮುದ್ರಣವಾಯಿತು. ಕಲ್ಲಚ್ಚು ಎಂದರೆ ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಚಿತ್ರ ಮೂಡಿಸಿ, ಕಲ್ಲನ್ನು ನೀರಿನಿಂದ ಒದ್ದೆಮಾಡಿ, ಒದ್ದೆಯಾದ ಭಾಗ ಮುದ್ರಣದ ಶಾಯಿಯನ್ನು ದೂರವಿಟ್ಟು ಜಿಡ್ಡಿನ ಗೆರೆ ಮಾತ್ರ ಅದನ್ನು ಹಿಡಿದುಕೊಳ್ಳುವಂತೆ ಮಾಡುವ ವಿಧಾನ. ಹೀಗೆ ಎಲೆಯ ಹಸಿರು, ಹೂವಿನ ನೇರಳೆ ಎಲ್ಲವೂ ಕಳಚಿದ ಮೇಲೆ ಗಿಡದ ಗುರುತೆಲ್ಲ ಕಪ್ಪು ಗೆರೆಯ ಮೇಲೆಯೇ ನಿಲ್ಲಬೇಕಾಯಿತು. ಪೆನ್ನಿನ ವಿದ್ಯಾರ್ಥಿಯ ಸ್ಥಿತಿಯೂ ಇದೇ ಆಗಿರುವುದರಿಂದ ಈ ಫಲಕಗಳು ಅವರಿಗೆ ನೇರವಾದ ಪಾಠ. ಡಿಜಿಟಲ್ ರೂಪದಲ್ಲಿ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯಲ್ಲಿ ಅವು ಉಚಿತವಾಗಿ ನೋಡಸಿಗುತ್ತವೆ.

ಅಭ್ಯಾಸಕ್ಕೆ ಎಕ್ಕದ ಗಿಡಕ್ಕಿಂತ ಒಳ್ಳೆಯದು ಸಿಗಲಾರದು. ಪಲ್ಲಡಂ, ಅವಿನಾಶಿ ಕಡೆಯ ರಸ್ತೆಬದಿಗಳಲ್ಲಿ, ಕನ್ನಡ ಮನೆಮಾತಿನ ದೇವಾಂಗರೂ ಒಕ್ಕಲಿಗರೂ ಇರುವ ಊರುಗಳ ಪಾಳುಬಿದ್ದ ಜಾಗಗಳಲ್ಲಿ ಅದು ತಾನಾಗಿ ಬೆಳೆದಿರುತ್ತದೆ. ಅದರ ಎಲೆಗಳು ಎದುರುಬದುರಾಗಿ ಜೋಡಿಯಾಗಿ ಬರುತ್ತವೆ, ಮುಂದಿನ ಜೋಡಿ ಹಿಂದಿನದಕ್ಕೆ ಅಡ್ಡಲಾಗಿ ತಿರುಗಿರುತ್ತದೆ, ತೊಟ್ಟು ಇಲ್ಲವೆನ್ನುವಷ್ಟು ಗಿಡ್ಡವಾಗಿದ್ದು ಎಲೆಯ ಬುಡ ಕಾಂಡವನ್ನು ತಬ್ಬಿದಂತಿರುತ್ತದೆ. ಈ ಮೂರು ಸಂಗತಿ ಹೊರಗೆರೆಯಲ್ಲಿ ಸರಿಯಾಗಿ ಬಂದರೆ ನೆರಳಿನ ಒಂದು ಚುಕ್ಕೆಯೂ ಇಲ್ಲದೆ ಗಿಡ ಎಕ್ಕವೆಂದು ಗೊತ್ತಾಗುತ್ತದೆ. ಹೂವಿನಲ್ಲಿ ಐದು ದಪ್ಪ ದಳಗಳ ನಡುವೆ ಕಿರೀಟದಂತೆ ಎದ್ದುನಿಂತ ಐದು ಮಾಂಸಲ ಏಣುಗಳಿವೆ, ಪ್ರತಿಯೊಂದರ ಬುಡವೂ ಹೊರಕ್ಕೆ ಸುರುಳಿ ತಿರುಗಿದೆ. ಕಲಿಯುವವರು ಎಡವುವುದು ಇಲ್ಲಿಯೇ: ಸುರುಳಿಯನ್ನು ಕಣ್ಣಿಟ್ಟು ನೋಡುವ ಮೊದಲೇ ಕೈ ಅಲ್ಲಿ ಕಪ್ಪು ತುಂಬಿಬಿಡುತ್ತದೆ. ಒಂದು ಹೂವನ್ನು ಉದ್ದಕ್ಕೆ ಸೀಳಿ, ಅದರ ಹಾಲು ಕಣ್ಣಿಗೆ ತಾಗದಂತೆ ಎಚ್ಚರವಹಿಸಿ, ಭೂತಗನ್ನಡಿಯಲ್ಲಿ ನೋಡಿ ಪೆನ್ಸಿಲಿನಲ್ಲಿ ಬರೆದುಕೊಂಡ ಮೇಲಷ್ಟೇ ಪೆನ್ನು ಎತ್ತಿಕೊಳ್ಳುವುದು ಸರಿಯಾದ ಕ್ರಮ.

ಶಾಯಿಯ ಹಂತದಲ್ಲಿ ಬೆಳಕು ಮೇಲಿನ ಎಡಗಡೆಯಿಂದ ಬೀಳುತ್ತದೆಂದು ಭಾವಿಸುವುದು ಸಸ್ಯಚಿತ್ರದ ರೂಢಿ. ಆದ್ದರಿಂದ ಎಡ ಅಂಚಿನ ಗೆರೆ ತೆಳುವಾಗಿಯೂ ಕೆಳಗಿನ ಬಲ ಅಂಚಿನದು ತುಸು ದಪ್ಪವಾಗಿಯೂ ಇರುತ್ತದೆ. ಒಂದು ಎಲೆ ಇನ್ನೊಂದರ ಹಿಂದೆ ಸರಿಯುವಲ್ಲಿ ಹಿಂದಿನ ಗೆರೆಯನ್ನು ಮುಂದಿನದಕ್ಕೆ ತಾಗಿಸದೆ ಕೂದಲೆಳೆಯಷ್ಟು ಜಾಗ ಬಿಟ್ಟು ನಿಲ್ಲಿಸಿದರೆ, ಆ ಬಿಳಿಯ ತೆರಪೇ ಎರಡರ ನಡುವಿನ ಅಂತರವನ್ನು ಹೇಳುತ್ತದೆ. ನೆರಳಿಗೆ ಒತ್ತೊತ್ತಾದ ಸಮಾಂತರ ಗೆರೆಗಳನ್ನೂ ಬಳಸಬಹುದು, ಆದರೆ ಎಲೆಯ ಮೇಲೆ ಅವು ನರಗಳೆಂಬ ಭ್ರಮೆ ಹುಟ್ಟಿಸುವುದರಿಂದ ಸಸ್ಯಚಿತ್ರಕಾರರು ಚುಕ್ಕೆಗಳನ್ನೇ ಹೆಚ್ಚು ನೆಚ್ಚಿಕೊಂಡಿದ್ದಾರೆ. ಸಲಕರಣೆಯ ವಿಷಯದಲ್ಲಿ ಹೇಳಬೇಕಾದದ್ದು ಸ್ವಲ್ಪ: ಕಾಗದ ನಯವಾಗಿರಬೇಕು, ಮತ್ತು ಮಸಿ ಹಾಗೂ ಅರಗು ಸೇರಿದ ಇಂಡಿಯನ್ ಇಂಕನ್ನು ಫೌಂಟನ್ ಪೆನ್ನಿಗೆ ತುಂಬಬಾರದು, ಅದು ಒಣಗಿ ಒಳಗೇ ಕಟ್ಟಿಕೊಳ್ಳುತ್ತದೆ, ಅದಕ್ಕೆ ಅದ್ದಿ ಬರೆಯುವ ನಿಬ್ಬೇ ತಕ್ಕದ್ದು.

ಈ ವಿದ್ಯೆ ಹಳೆಯ ಗ್ರಂಥಗಳೊಂದಿಗೆ ಮುಗಿದುಹೋಗಿಲ್ಲ. ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯ ದಕ್ಷಿಣ ವಲಯ ಕೇಂದ್ರ 1955ರಿಂದ ಕೊಯಮತ್ತೂರಿನಲ್ಲಿದ್ದು, ಒಣಗಿಸಿದ ಸಸ್ಯ ಮಾದರಿಗಳ ಸಂಗ್ರಹವಾದ ಮದ್ರಾಸ್ ಹರ್ಬೇರಿಯಂ ಅಲ್ಲಿಯೇ ಇದೆ. ಹೊಸ ಪ್ರಭೇದಗಳನ್ನು ವಿವರಿಸುವ ಲೇಖನಗಳಲ್ಲಿ ಫೋಟೋಗಳ ಜೊತೆಗೆ ಇಂದಿಗೂ ಗೆರೆಚಿತ್ರಗಳು ಬರುತ್ತವೆ, ಏಕೆಂದರೆ ಫೋಟೋ ಹರಿದ ಎಲೆಯನ್ನೂ ಒಣಗಿದ ಮೊಗ್ಗನ್ನೂ ಇದ್ದಂತೆಯೇ ತೋರಿಸಿದರೆ ಚಿತ್ರ ಬೇಕಾದ ಅಂಗವನ್ನು ಮಾತ್ರ ಬಿಡಿಸಿ, ಹಿಗ್ಗಿಸಿ, ಅಳತೆಪಟ್ಟಿಯೊಂದಿಗೆ ಮುಂದಿಡಬಲ್ಲದು. ಇಂಥ ಚಿತ್ರಗಳನ್ನು ಅಚ್ಚಾಗುವ ಗಾತ್ರಕ್ಕಿಂತ ಒಂದೂವರೆ ಅಥವಾ ಎರಡು ಪಟ್ಟು ದೊಡ್ಡದಾಗಿ ಬರೆದು ಮುದ್ರಣದಲ್ಲಿ ಕುಗ್ಗಿಸಲಾಗುತ್ತದೆ. ಕಲಿಯುವವರು ಇದೇ ಪರೀಕ್ಷೆಯನ್ನು ಜೆರಾಕ್ಸ್ ಅಂಗಡಿಯಲ್ಲಿ ಮಾಡಿನೋಡಬಹುದು: ಬರೆದ ಎಕ್ಕದ ಚಿತ್ರವನ್ನು ಅರ್ಧ ಗಾತ್ರಕ್ಕೆ ಇಳಿಸಿ, ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡು ಕಪ್ಪಾದ ಜಾಗಗಳನ್ನು ಗುರುತು ಹಾಕಿಕೊಂಡು, ಮುಂದಿನ ಪ್ರತಿಯಲ್ಲಿ ಆ ಜಾಗಗಳನ್ನಷ್ಟೇ ತೆಳುಗೊಳಿಸಬೇಕು.