ಎದೆಹಾಲಿನ ಜೊತೆಗೆ ಮೊದಲ ತುತ್ತು

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಶಿಕ್ಷಣ ಸಂಘದ ವೇದಿಕೆಯಲ್ಲಿ ಕೂಸಿಗೆ ಊಟ ಮಾಡಿಸುವ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ನಾನು ಉರ್ದು ಮತ್ತು ಕನ್ನಡ ಕಲಿಸುವವಳು, ವೈದ್ಯಳಲ್ಲ. ಆದರೆ ಬೆಳಿಗ್ಗೆ ಹಾಜರಿ ಕರೆಯುವಾಗ ಕೆಲವು ಹುಡುಗಿಯರ ಹೆಸರಿಗೆ ಉತ್ತರ ಬರುವುದಿಲ್ಲ. ಮರುದಿನ ಕೇಳಿದರೆ, "ಅಮ್ಮಿ ಬೀಡಿ ಕೊಡೋಕೆ ಹೋಗಿದ್ರು ಮಿಸ್, ತಮ್ಮನ್ನ ನಾನೇ ನೋಡ್ಕೋಬೇಕಿತ್ತು" ಎನ್ನುತ್ತಾರೆ. ಅಂದರೆ ನಮ್ಮ ಎಷ್ಟೋ ಮನೆಗಳಲ್ಲಿ ಕೂಸಿನ ಬಾಯಿಗೆ ತುತ್ತಿಡುವ ಕೈ ಏಳನೆಯ, ಎಂಟನೆಯ ತರಗತಿಯ ಹುಡುಗಿಯದು. ಅವಳು ಈ ಸಭೆಯಲ್ಲೂ ಕುಳಿತಿದ್ದಾಳೆ. ಪುಸ್ತಕದಲ್ಲಿ ಅವಳಿಗೆ ಸಸ್ಯದ ಭಾಗಗಳನ್ನು ಕಲಿಸಿದ್ದೇವೆ, ಇದನ್ನು ಯಾರೂ ಕಲಿಸಿಲ್ಲ. ಆದ್ದರಿಂದ ಇಂದು ಮೊದಲು ಅವಳೊಡನೆ ಮಾತು, ಆಮೇಲೆ ದೊಡ್ಡವರೊಡನೆ.

ಯಾವಾಗ ಆರಂಭಿಸಬೇಕು? ಆರು ತಿಂಗಳು ತುಂಬಿದ ಮೇಲೆ. ಅಲ್ಲಿಯವರೆಗೆ ಎದೆಹಾಲು ಮಾತ್ರ. ನೀರೂ ಬೇಡ, ಘುಟ್ಟಿಯೂ ಬೇಡ. ವಿಶ್ವ ಆರೋಗ್ಯ ಸಂಸ್ಥೆಯೂ ನಮ್ಮ ಸರ್ಕಾರದ ಆರೋಗ್ಯ ಇಲಾಖೆಯೂ ಹೇಳುವುದು ಇದನ್ನೇ. ಆರು ತಿಂಗಳಿಗೇ ಏಕೆಂದರೆ, ಹುಟ್ಟುವಾಗ ತಾಯಿಯಿಂದ ಪಡೆದು ತಂದ ಕಬ್ಬಿಣದ ಅಂಶ ಹೆಚ್ಚುಕಡಿಮೆ ಆ ಹೊತ್ತಿಗೆ ಮುಗಿಯುತ್ತ ಬರುತ್ತದೆ, ಎದೆಹಾಲೊಂದರಿಂದ ಅದು ತುಂಬುವುದಿಲ್ಲ. ಕೂಸಿನ ದೇಹವೂ ಆಗ ಸಿದ್ಧವಾಗುತ್ತದೆ. ಆಸರೆ ಕೊಟ್ಟರೆ ಕುಳಿತುಕೊಳ್ಳುತ್ತದೆ, ಕತ್ತು ನೆಟ್ಟಗೆ ನಿಲ್ಲುತ್ತದೆ, ನಾವು ತಿನ್ನುವಾಗ ಕೈ ಚಾಚುತ್ತದೆ. ಮೂರು ನಾಲ್ಕು ತಿಂಗಳ ಕೂಸಿನ ಬಾಯಿಗೆ ಏನಿಟ್ಟರೂ ನಾಲಿಗೆ ಹೊರಗೆ ತಳ್ಳುತ್ತದೆ. ಅದು ಹಟವಲ್ಲ, ಉಸಿರುಕಟ್ಟದಂತೆ ಕಾಯುವ ಸಹಜ ಏರ್ಪಾಡು.

ಬೇಗ ಕೊಡುವವರು ಇದ್ದಂತೆ ತಡಮಾಡುವವರೂ ಇದ್ದಾರೆ. ಕೆಲವು ಮನೆಗಳಲ್ಲಿ ಖೀರ್ ಚಟಾಯಿಯ ದಿನ ನೆಂಟರನ್ನು ಕರೆದು ಒಂದು ಚಮಚ ಖೀರು ನೆಕ್ಕಿಸುತ್ತಾರೆ, ಆ ಸಂತೋಷ ಒಳ್ಳೆಯದೇ. ಆದರೆ ಮರುದಿನದಿಂದ ಮತ್ತೆ ಬರೀ ಹಾಲು, ವರ್ಷ ತುಂಬುವವರೆಗೂ! 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 6ರಿಂದ 8 ತಿಂಗಳ ಕೂಸುಗಳಲ್ಲಿ ಎದೆಹಾಲಿನ ಜೊತೆ ಗಟ್ಟಿ ಅಥವಾ ಅರೆಗಟ್ಟಿ ಆಹಾರ ಪಡೆಯುತ್ತಿದ್ದವು ನೂರಕ್ಕೆ ಸುಮಾರು 46. ಅದೇ ಸಮೀಕ್ಷೆಯಲ್ಲಿ 6 ತಿಂಗಳಿನಿಂದ 5 ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆ ಇತ್ತು. ಕಲಿಕೆಯಲ್ಲಿ ಹಿಂದೆ ಎಂದು ನಾವು ಗುರುತು ಹಾಕುವ ಮಗುವಿನ ಕಥೆ ಎಷ್ಟೋ ಸಲ ಒಂದನೆಯ ತರಗತಿಗೆ ಮೊದಲೇ, ಅಡುಗೆಮನೆಯಲ್ಲಿ ಆರಂಭವಾಗಿರುತ್ತದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕೂಸಿಗೆ ಗಂಟಲಲ್ಲಿ ಸಿಕ್ಕಿಕೊಂಡೀತೆಂಬ ಭಯ ಎಲ್ಲ ತಾಯಂದಿರಿಗೂ ಇದೆ. ಆ ಭಯಕ್ಕೆ ನಾವು ಮಾಡುವುದೇನು? ಎಲ್ಲವನ್ನೂ ನೀರು ಮಾಡುತ್ತೇವೆ. ಬೇಳೆ ಬೇಯಿಸಿ ಮೇಲಿನ ಕಟ್ಟನ್ನು ಕೂಸಿಗೆ ಕೊಟ್ಟು ಕೆಳಗಿನ ಬೇಳೆಯನ್ನು ನಾವು ಉಣ್ಣುತ್ತೇವೆ. ಯಖ್ನಿ ಕೂಸಿಗೆ, ಮಾಂಸ ದೊಡ್ಡವರಿಗೆ. ಗಂಜಿಯ ತಿಳಿ ಕೂಸಿಗೆ, ಅನ್ನ ನಮಗೆ. ಪ್ರೀತಿಯಿಂದಲೇ ಮಾಡುತ್ತೇವೆ, ಆದರೆ ಸತ್ವವೆಲ್ಲ ನಮ್ಮ ತಟ್ಟೆಗೆ ಬಂದಿರುತ್ತದೆ. ಆ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬಿದರೆ ಬೇರೆಯದಕ್ಕೆ ಜಾಗವೆಲ್ಲಿ? ಪರೀಕ್ಷೆ ಸುಲಭ: ಚಮಚ ವಾಲಿಸಿದರೆ ಆಹಾರ ನೀರಿನಂತೆ ಸುರಿಯಬಾರದು, ಚಮಚದಲ್ಲೇ ನಿಲ್ಲಬೇಕು.

ಇನ್ನೊಂದು ಕಡೆ, ಭಯ ಇರಲೇಬೇಕಾದ ಜಾಗದಲ್ಲಿ ನಾವು ನಿಶ್ಚಿಂತರು. ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿ ಒಳಲೆಯಿಂದ ಗಂಜಿ ಹೊಯ್ಯುವುದು, ಬಾಯಿ ತೆರೆಯದಿದ್ದರೆ ಮೂಗು ಹಿಡಿಯುವುದು, ಅಳುವಾಗಲೇ ತುತ್ತು ತುರುಕುವುದು ಇವೆಲ್ಲ ಉಸಿರಿನ ದಾರಿಗೆ ಆಹಾರ ಕಳಿಸುವ ಉಪಾಯಗಳು. ಮಕ್ಕಳೇ, ಇದನ್ನು ಗಟ್ಟಿಯಾಗಿ ನೆನಪಿಡಿ: ಕೂಸು ಕುಳಿತಿರಬೇಕು, ನೀವು ಎದುರಿಗಿರಬೇಕು. ಚಮಚ ಹತ್ತಿರ ತನ್ನಿ, ಅದಾಗಿಯೇ ಬಾಯಿ ತೆರೆಯಲಿ. ಮುಖ ತಿರುಗಿಸಿದರೆ ನಿಲ್ಲಿಸಿ. ಹೊಸ ರುಚಿಯನ್ನು ಕೂಸು ಒಪ್ಪಲು ಎಂಟು ಹತ್ತು ಸಲ ಬೇಕಾದೀತು. ಹೋಂವರ್ಕನ್ನು ಮೊದಲ ಸಲಕ್ಕೇ ಸರಿಯಾಗಿ ಮಾಡಿ ತರುವವರು ನಿಮ್ಮಲ್ಲಿ ಎಷ್ಟು ಜನ?

ಇನ್ನು ನೆಲದ ಮೇಲಿನ ಅಪಾಯ. ಬಿ.ಇಡಿ. ಓದುವಾಗ ಪಿಯಾಜೆಯ ಸಿದ್ಧಾಂತ ಬಾಯಿಪಾಠ ಮಾಡಿದ್ದೆವು. ಮೊದಲ ಎರಡು ವರ್ಷ ಮಗು ಇಂದ್ರಿಯಗಳಿಂದ, ಕೈಕಾಲಿನ ಚಲನೆಯಿಂದ ಲೋಕ ಅರಿಯುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದದ್ದೂ ಆಯಿತು. ಮನೆಯಲ್ಲಿ ಅದರ ಅರ್ಥ ಇಷ್ಟೆ: ಅಂಬೆಗಾಲಿಡುವ ಕೂಸು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಕಡಲೆಕಾಯಿ ಬೀಜ, ಹುರಿಗಡಲೆ, ಹುಣಸೆಬೀಜ, ಸೀತಾಫಲದ ಬೀಜ, ಅಡಿಕೆ ಚೂರು, ಗುಂಡಿ. ರಂಜಾನಿನಲ್ಲಿ ಇನ್ನೂ ಎಚ್ಚರ ಬೇಕು. ಇಫ್ತಾರಿನ ದಸ್ತರ್‌ಖಾನ್ ಹಾಸುವುದು ನೆಲದ ಮೇಲೆ, ಅಂದರೆ ಸರಿಯಾಗಿ ಕೂಸಿನ ಕೈಗೆಟಕುವಂತೆ. ಅದರ ಮೇಲೆ ಖರ್ಜೂರದ ಬೀಜ, ಇಡೀ ದ್ರಾಕ್ಷಿ, ಬೇಯಿಸಿದ ಕಡಲೆಕಾಳು. ಅಜಾನ್ ಆಗುತ್ತಲೇ ಎಲ್ಲರ ಗಮನ ತಟ್ಟೆಯ ಮೇಲೆ. ಆ ಹತ್ತು ನಿಮಿಷ ಕೂಸು ಯಾರ ತೊಡೆಯ ಮೇಲಿರಬೇಕೆಂದು ಮೊದಲೇ ತೀರ್ಮಾನಿಸಿಕೊಳ್ಳಿ. ದ್ರಾಕ್ಷಿ ಕೊಡುವುದಾದರೆ ಬೀಜ ತೆಗೆದು ಉದ್ದಕ್ಕೆ ನಾಲ್ಕು ಸೀಳು ಮಾಡಿ. ಖರ್ಜೂರದ ಬೀಜ ತೆಗೆದು, ನೆನೆಸಿ, ಅರೆದು ಕೊಡಿ. ಹಸಿ ಗಜ್ಜರಿ ಬೇಡ, ಬೇಯಿಸಿ ಹಿಸುಕಿ. ಇಡೀ ಕಡಲೆಬೀಜ ಐದು ವರ್ಷದವರೆಗೆ ಬೇಡ. ಆದರೆ ನುಣ್ಣಗೆ ಅರೆದು ಗಂಜಿಯಲ್ಲಿ ಕಲಸಿದರೆ ಅದೇ ಒಳ್ಳೆಯ ಆಹಾರ. ಬೇಗ ಕೊಟ್ಟರೆ ಅಲರ್ಜಿ ಬರುತ್ತದೆಂಬ ಹಳೆಯ ಎಣಿಕೆ 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಿಂದ ತಲೆಕೆಳಗಾಯಿತು. ಕೂಸಿಗೆ ಚರ್ಮದ ಇಸುಬು (ಎಕ್ಜಿಮಾ) ವಿಪರೀತ ಇದ್ದರೆ, ಮೊಟ್ಟೆ ತಿಂದು ದದ್ದು ಎದ್ದಿದ್ದರೆ ಮಾತ್ರ ಮೊದಲು ವೈದ್ಯರನ್ನು ಕೇಳಿ.

ಕೂಸು ತಿನ್ನಲು ಕಲಿಯುವಾಗ ಓಕರಿಸುತ್ತದೆ, ಕೆಮ್ಮುತ್ತದೆ, ಮುಖ ಕೆಂಪಾಗುತ್ತದೆ. ಶಬ್ದ ಬರುತ್ತಿದ್ದರೆ ಗಾಳಿ ಓಡಾಡುತ್ತಿದೆ ಎಂದರ್ಥ. ಗಾಬರಿಯಾಗದೆ ಹತ್ತಿರ ಕುಳಿತು ನೋಡಿ, ಅದೇ ಹೊರಹಾಕುತ್ತದೆ. ನಿಜವಾಗಿ ಸಿಕ್ಕಿಕೊಂಡ ಕೂಸು ಸದ್ದೇ ಮಾಡುವುದಿಲ್ಲ. ಅಳಲಾರದು, ಕೆಮ್ಮಲಾರದು, ತುಟಿ ನೀಲಿಯಾಗುತ್ತದೆ. ನಮ್ಮಲ್ಲಿ "ನೆತ್ತಿಗೆ ಹತ್ತಿತು" ಎಂದು ನೆತ್ತಿ ತಟ್ಟಿ ಊದುವ ರೂಢಿಯಿದೆ. ಅದರಿಂದ ಏನೂ ಆಗದು. ವರ್ಷದೊಳಗಿನ ಕೂಸಾದರೆ ನಿಮ್ಮ ಮುಂಗೈ ಮೇಲೆ ಬೋರಲಾಗಿ ಮಲಗಿಸಿ, ತಲೆ ಎದೆಗಿಂತ ಕೆಳಗಿರುವಂತೆ ದವಡೆಗೆ ಆಸರೆ ಕೊಟ್ಟು, ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಪೆಟ್ಟು ಕೊಡಿ. ಬರದಿದ್ದರೆ ಅಂಗಾತ ತಿರುಗಿಸಿ, ಎದೆಯ ನಡುವಿನ ಎಲುಬಿನ ಕೆಳಭಾಗವನ್ನು ಐದು ಸಲ ಒತ್ತಿ. ಹೊಟ್ಟೆ ಒತ್ತಬಾರದು. ಕಣ್ಣಿಗೆ ಕಾಣದ ವಸ್ತುವಿಗಾಗಿ ಗಂಟಲೊಳಗೆ ಬೆರಳು ಹಾಕಬಾರದು, ಅದು ಇನ್ನೂ ಒಳಗೆ ಹೋಗುತ್ತದೆ. ಒಬ್ಬರು ಇದನ್ನು ಮಾಡುತ್ತಿರುವಾಗಲೇ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ವಸ್ತು ಹೊರಬರುವವರೆಗೆ ಐದು ಪೆಟ್ಟು, ಐದು ಒತ್ತು ಮುಂದುವರಿಯಲಿ. ಕೂಸು ಪ್ರಜ್ಞೆ ತಪ್ಪಿದರೆ ಬೇರೆ ಕ್ರಮ ಬೇಕಾಗುತ್ತದೆ. ಅದನ್ನು ಮಾತಿನಲ್ಲಿ ಕಲಿಸಲಾಗದು, ಆರೋಗ್ಯ ಕೇಂದ್ರದಲ್ಲಿ ಗೊಂಬೆಯ ಮೇಲೆ ಮಾಡಿಸಿ ಕಲಿಯಬೇಕು. ನಮ್ಮ ಸಂಘ ಒಂದು ಮಧ್ಯಾಹ್ನ ಇದಕ್ಕೆ ಮೀಸಲಿಟ್ಟರೆ ಒಳ್ಳೆಯದು.

ಏನು ಕೊಡಬೇಕು ಎಂಬುದಕ್ಕೆ ಬಹಳ ಹೊತ್ತು ಬೇಡ, ನಮ್ಮ ಅಡುಗೆಮನೆಯಲ್ಲೇ ಎಲ್ಲ ಇದೆ. ರಾಗಿ ಸರಿ, ತುಪ್ಪ ಹಾಕಿದ ಮೆತ್ತನೆಯ ಖಿಚಡಿ, ಹಿಸುಕಿದ ಬಾಳೆಹಣ್ಣು, ಕುಂಬಳ, ಸೊಪ್ಪು. ಮೊದಲು ಎರಡು ಮೂರು ಚಮಚ, ದಿನಕ್ಕೆ ಎರಡು ಸಲ. ಕ್ರಮೇಣ ಅರ್ಧ ಬಟ್ಟಲು. ಒಂಬತ್ತು ತಿಂಗಳಿಗೆ ಮೂರು ನಾಲ್ಕು ಸಲ, ಕೈಯಲ್ಲಿ ಹಿಡಿದು ತಿನ್ನುವಂಥ ಮೆತ್ತನೆಯ ತುಂಡುಗಳೊಂದಿಗೆ. ವರ್ಷಕ್ಕೆ ಮನೆಮಂದಿಯ ಊಟ, ಖಾರ ಉಪ್ಪು ಹಾಕುವ ಮೊದಲೇ ತೆಗೆದಿಟ್ಟ ಪಾಲು. ಮೊಟ್ಟೆ, ಮೀನು, ಮಾಂಸಕ್ಕೆ ಹಲ್ಲು ಬರಲೆಂದು ಕಾಯಬೇಕಿಲ್ಲ. ಚೆನ್ನಾಗಿ ಬೇಯಿಸಿ, ಮುಳ್ಳು ಮೂಳೆ ತೆಗೆದು, ಕೈಮಾವನ್ನು ನುಣ್ಣಗೆ ಅರೆದು ಅನ್ನದಲ್ಲಿ ಕಲಸಿ ಏಳನೆಯ ತಿಂಗಳಲ್ಲೇ ಕೊಡಬಹುದು. ಕಬ್ಬಿಣದ ಅಂಶ ಅದರಿಂದ ಸಿಗುವಷ್ಟು ಸುಲಭವಾಗಿ ಬೇರೆಯದರಿಂದ ಸಿಗದು. ಹಾಗೆಯೇ ಚಹಾದಲ್ಲಿ ಅದ್ದಿದ ಬಿಸ್ಕತ್ತನ್ನು ಇವತ್ತೇ ನಿಲ್ಲಿಸಿ. ಹೊಟ್ಟೆ ತುಂಬಿದಂತೆ ಕಾಣುತ್ತದೆ, ಸಿಗುವುದು ಸಕ್ಕರೆ. ಚಹಾ ಬೇರೆ ಆಹಾರದ ಕಬ್ಬಿಣವನ್ನೂ ದೇಹಕ್ಕೆ ಸೇರಗೊಡದು.

ಜೇನಿನ ವಿಷಯ ಹಿರಿಯರಿಗೆ ಬೇಸರವಾದರೂ ಹೇಳಬೇಕು. ವರ್ಷ ತುಂಬುವ ಮೊದಲು ಜೇನು ಬೇಡ. ಜೇನಿನಲ್ಲಿ ಇರಬಹುದಾದ ಬೊಟುಲಿನಮ್ ಎಂಬ ಸೂಕ್ಷ್ಮಾಣುವಿನ ಬೀಜಾಣು ದೊಡ್ಡವರಿಗೆ ತೊಂದರೆ ಕೊಡದು, ಆದರೆ ಕೂಸಿನ ಕರುಳಿನಲ್ಲಿ ಬೆಳೆದು ಸ್ನಾಯುಗಳನ್ನು ನಿಶ್ಶಕ್ತಗೊಳಿಸುವ ವಿಷ ಉಂಟುಮಾಡುತ್ತದೆ. ತಹನೀಕ್ ಮಾಡುವವರು ಜೇನು ತರಬೇಕೆಂದಿಲ್ಲ, ಹದೀಸಿನಲ್ಲಿ ಬರುವುದು ಖರ್ಜೂರ. ಅದನ್ನೂ ಕೈ ಬಾಯಿ ಶುಚಿಯಾಗಿಟ್ಟುಕೊಂಡು, ತುಂಡಿಲ್ಲದಂತೆ, ಬೆರಳ ತುದಿಯಷ್ಟೇ ಸವರಬೇಕು. ವೈದ್ಯರು ಬೇಡವೆಂದ ಕೂಸಿಗೆ ಅದೂ ಬೇಡ.

ಕೊನೆಯದಾಗಿ ಅಬ್ಬಾಗಳಿಗೆ, ಅಣ್ಣಂದಿರಿಗೆ. ಸೂರಃ ಅಲ್ ಬಕರಾದ 233ನೆಯ ಆಯತ್ತನ್ನು ನಾವು ಎರಡು ವರ್ಷ ಹಾಲೂಡಿಸುವ ಮಾತಿಗಾಗಿ ಉದ್ಧರಿಸುತ್ತೇವೆ. ಹಾಲು ಬಿಡಿಸುವುದನ್ನು ತಂದೆ ತಾಯಿ ಇಬ್ಬರೂ ಕೂಡಿ ಆಲೋಚಿಸಿ ತೀರ್ಮಾನಿಸುವ ಮಾತೂ ಅಲ್ಲೇ ಇದೆ. ಹಾಗಾದರೆ ಕೂಸಿನ ಊಟ ತಾಯಿಯದೋ ಮಗಳದೋ ಮಾತ್ರ ಆದದ್ದು ಹೇಗೆ? ರಾತ್ರಿಯ ಊಟ ನೀವು ಮಾಡಿಸಿ. ಅಂಗನವಾಡಿಯಲ್ಲಿ 6 ತಿಂಗಳಿನಿಂದ 3 ವರ್ಷದ ಮಕ್ಕಳಿಗೆ ಮನೆಗೆ ಕೊಡುವ ಆಹಾರದ ಪೊಟ್ಟಣವನ್ನು ನೀವೇ ತನ್ನಿ, ತಾಯಿ ಕಾರ್ಡಿನಲ್ಲಿ ತೂಕ ಬರೆಸಿ. ಹಳ್ಳಿಯಲ್ಲಿರುವವರು 2023ರಲ್ಲಿ ಆರಂಭವಾದ ಕೂಸಿನ ಮನೆ ನಿಮ್ಮ ಗ್ರಾಮ ಪಂಚಾಯಿತಿಯಲ್ಲಿದೆಯೇ ಎಂದು ವಿಚಾರಿಸಿ. ಅದಿಲ್ಲದಿದ್ದರೆ ಬೀಡಿ ಕೊಡುವ ದಿನ ಯಾರ ಮನೆಯ ದಾದಿ ಯಾವ ಕೂಸುಗಳನ್ನು ನೋಡಿಕೊಳ್ಳುತ್ತಾರೆಂದು ಮೊಹಲ್ಲಾದಲ್ಲೇ ಸರದಿ ಮಾಡಿಕೊಳ್ಳಿ. ಬೆಳಿಗ್ಗೆ ಹತ್ತು ಗಂಟೆಗೆ ನಾನು ಹಾಜರಿ ಕರೆಯುತ್ತೇನೆ, ಆ ಹುಡುಗಿ ತರಗತಿಯಲ್ಲಿರಬೇಕು.